ಟೈಮಿಂಗ್ ಬೆಲ್ಟು ಮತ್ತು ಮಾವನ ಮಾತು

ಆ ದಿನ ನಾನು ವಾಡಿಯಲ್ಲಿ ಇದ್ದೆನೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲದಿದ್ದರೆ ನನ್ನ ಹೆಂಡತಿ ಸರೋಜಾ ಇದನ್ನು ಓದುವಾಗ ಮೊದಲ ಸಾಲಿಗೇ ಕನ್ನಡಕ ತೆಗೆದು ನನ್ನ ಕಡೆ ನೋಡುತ್ತಾಳೆ. ನನ್ನ ನೆನಪಿನ ಪ್ರಕಾರ ಇದ್ದೆ. ಒಂದು ಬೇವಿನ ಮರ, ಅದರ ಕೆಳಗೆ ಬಾನೆಟ್ ತೆರೆದುಕೊಂಡು ನಿಂತ ನಮ್ಮ ಮಾವನವರ ಬಿಳಿ ಕಾರು, ಆಚೆ ಎಲ್ಲೋ ಹಿಂದೆ ಮುಂದೆ ಸರಿಯುತ್ತ ಢಿಕ್ಕಿ ಹೊಡೆದುಕೊಳ್ಳುತ್ತಿದ್ದ ಗೂಡ್ಸ್ ರೈಲಿನ ಡಬ್ಬಿಗಳು. ಮೆಕ್ಯಾನಿಕ್ ಒಂದೊಂದೇ ಬೋಲ್ಟು ಬಿಚ್ಚಿ ನನ್ನ ಅಂಗೈಗೆ ಹಾಕುತ್ತಿದ್ದ. ಬೋಲ್ಟುಗಳು ಬಿಸಿಯಾಗಿದ್ದವು. ಆ ಬಿಸಿ ನನಗೆ ಈಗಲೂ ಗೊತ್ತು. ಆದರೆ ಮನುಷ್ಯನಿಗೆ ತಾನು ಕಂಡದ್ದು ಯಾವುದು, ಊಟದ ಹೊತ್ತಿನಲ್ಲಿ ಬೇರೆಯವರು ಹೇಳಿದ್ದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಸಾರು ಅನ್ನ ಕಲಸಿದ ಮೇಲೆ ಸಾರನ್ನು ಮಾತ್ರ ವಾಪಸ್ ಕೊಡು ಎಂದರೆ ಹೇಗೆ?

ನಾನು ಸೇಡಂನ ಪದವಿ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ಯಾವುದನ್ನೂ ಸಾಕ್ಷಿಯಿಲ್ಲದೆ ನಂಬಬಾರದು ಎಂದು ಕಲಿತೆ. ಅದರಿಂದ ನನಗಾದ ಲಾಭವೆಂದರೆ, ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬೀಗ ಹಾಕಿದ್ದೇನೋ ಇಲ್ಲವೋ ನೋಡಲು ಮರಳಿ ಬರುವುದು. ಚಿಂತೆ ಹತ್ತಿದಾಗ ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತೇನೆ. "ಅಡ್ಡಾಡಿ ಅಡ್ಡಾಡಿ ಶಹಾಬಾದ ಫರಸಿನೂ ಸವಿಸ್ತೀರಿ ನೋಡ್ರಿ ನೀವು" ಎಂದು ಸರೋಜಾ ಹೇಳುತ್ತಾಳೆ. ಆ ಕಲ್ಲು ಸವೆಯುವುದಿಲ್ಲ ಎಂಬುದು ಅವಳಿಗೂ ಗೊತ್ತು. ನಾನು ನಿಲ್ಲುವುದಿಲ್ಲ ಎಂಬುದೂ ಗೊತ್ತು.

ಸರೋಜಾ ಚಿಂಚೋಳಿಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ದಿನಾ ಮಗುವನ್ನು ಶಾಲೆಗೆ ಕಳಿಸಿ, ಸೇಡಂನಿಂದ ತಾನೇ ಕಾರು ಓಡಿಸಿಕೊಂಡು ಹೋಗಿ ಬರುತ್ತಾಳೆ. ಕಾರು ಅವಳ ಅಪ್ಪನದು. ನಮ್ಮ ಮಾವ ಸಿದ್ರಾಮಪ್ಪನವರು ತೆಂಗಳಿಯಲ್ಲಿ ತೊಗರಿ ಬೆಳೆಯುವವರು. ತೊಗರಿಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ ಈ ಡೀಸೆಲ್ ಕಾರು ಕೊಂಡರು. ಅದರಲ್ಲಿ ನೆಂಟರು ಕೂತದ್ದಕ್ಕಿಂತ ಹಿಂಡಿ ಚೀಲ ಕೂತದ್ದೇ ಹೆಚ್ಚು. ಕಣ್ಣಿಗೆ ಪೊರೆ ಬಂದ ಮೇಲೆ ಕೀಲಿಕೈ ಮಗಳ ಕೈಯಲ್ಲಿಟ್ಟರು. "ಎಲ್ಲಾ ರಿಪೇರಿ ಮಾಡ್ಸೀನವ್ವ. ಡೀಸೆಲ್ ಹಾಕು, ಓಡಸು" ಎಂದರು. ನನ್ನ ಕೈಯಲ್ಲಿ ಕೊಡಲಿಲ್ಲ. ನಾನು ರಿವರ್ಸ್ ಹಾಕುವುದನ್ನು ಅವರು ಒಮ್ಮೆ ನೋಡಿದ್ದರು.

ತಂಟೆ ಶುರುವಾದದ್ದು ಸೇಡಂನ ಖಾಜಾಭಾಯಿಯ ಗ್ಯಾರೇಜಿನಲ್ಲಿ. ಆಯಿಲ್ ಬದಲಿಸಲು ಹೋಗಿದ್ದೆವು. ಖಾಜಾಭಾಯಿಗೆ ಕೈಗಿಂತ ಬಾಯಿ ಮುಂದೆ. ಎಂಜಿನ್ನಿನ ಕಡೆ ಬಗ್ಗಿಕೊಂಡೇ ಊರ ಸುದ್ದಿಯೆಲ್ಲ ಹೇಳಿ, ಕೊನೆಗೆ ಕೈ ಒರೆಸುತ್ತ ಕೇಳಿದ: "ಮೇಡಂ, ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸೀರಿ?"

"ಅಪ್ಪ ಹಾಕ್ಸ್ಯಾರ."

"ಯಾವಾಗ?"

ಸರೋಜಾ ನನ್ನ ಕಡೆ ನೋಡಿದಳು. ನಾನು ಭಾರೀ ಆತ್ಮವಿಶ್ವಾಸದಿಂದ "ವಾಡ್ಯಾಗ" ಎಂದೆ. ಯಾವಾಗ ಎಂದು ಕೇಳಿದ್ದಕ್ಕೆ ಎಲ್ಲಿ ಎಂದು ಉತ್ತರಿಸುವುದನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಗಳಿಂದ ಕಲಿತಿರಬೇಕು.

"ನೀವು ಎಲ್ಲಿ ಹೋಗಿದ್ರಿ ವಾಡಿಗೆ?" ಎಂದಳು ಸರೋಜಾ.

"ನಾನೇ ಬೋಲ್ಟ್ ಹಿಡಕೊಂಡು ನಿಂತಿದ್ದೆ."

"ಅದು ನಮ್ಮಪ್ಪ ಹೇಳೋ ಕಥಿ. ಅದರಾಗ ನೀವು ಯಾವಾಗ ಹೊಕ್ರಿ?"

ಟೈಮಿಂಗ್ ಬೆಲ್ಟು ಎಂದರೇನೆಂದು ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಖಾಜಾಭಾಯಿ ಹೇಳಿದ್ದನ್ನೂ ನಾನು ಆಮೇಲೆ ಫೋನಿನಲ್ಲಿ ವಿಡಿಯೋ ನೋಡಿ ತಿಳಿದದ್ದನ್ನೂ ಕೂಡಿಸಿ ಹೇಳುತ್ತೇನೆ. ಎಂಜಿನ್ನಿನ ಕೆಳಗಡೆ ಒಂದು ದಂಡ ತಿರುಗುತ್ತದೆ. ಅದು ಪಿಸ್ಟನ್ನುಗಳನ್ನು ಮೇಲೆ ಕೆಳಗೆ ಆಡಿಸುತ್ತದೆ. ಮೇಲ್ಗಡೆ ಇನ್ನೊಂದು ದಂಡ. ಅದು ವಾಲ್ವುಗಳೆಂಬ ಬಾಗಿಲುಗಳನ್ನು ತೆರೆದು ಮುಚ್ಚುತ್ತದೆ: ಗಾಳಿ ಒಳಗೆ, ಹೊಗೆ ಹೊರಗೆ. ಕೆಳಗಿನದು ಎರಡು ಸುತ್ತು ಬಂದರೆ ಮೇಲಿನದು ಒಂದು ಸುತ್ತು ಬರಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದು ಒಂದು ರಬ್ಬರಿನ ಪಟ್ಟಿ. ಒಳಮೈಗೆ ಹಲ್ಲುಗಳಿರುತ್ತವೆ, ದಂಡಗಳ ತುದಿಯ ಗಾಲಿಯ ಹಲ್ಲುಗಳಿಗೆ ಸಿಕ್ಕಿಕೊಂಡು ಜಾರದಂತೆ. ಇಷ್ಟು ಕಬ್ಬಿಣದ ನಡುವೆ ಇಷ್ಟು ದೊಡ್ಡ ಜವಾಬ್ದಾರಿಯನ್ನು ರಬ್ಬರಿಗೆ ಯಾಕೆ ವಹಿಸಿದರು ಎಂದು ಕೇಳಿದೆ. "ಮನ್ಯಾಗ ಹೆಣ್ಮಕ್ಕಳಿಗೆ ಯಾಕ ವಹಿಸ್ತಾರ್ರಿ? ಸಪ್ಪಳ ಮಾಡಂಗಿಲ್ಲಂತ" ಎಂದ ಖಾಜಾಭಾಯಿ. ಸರೋಜಾ ನಗಲಿಲ್ಲ, ಒಪ್ಪಿದಳು.

ಆ ಬೆಲ್ಟು ಹರಿದರೆ ಮೇಲಿನ ದಂಡ ನಿಂತುಬಿಡುತ್ತದೆ, ಕೆಲವು ಬಾಗಿಲು ತೆರೆದೇ ಉಳಿಯುತ್ತವೆ. ಕೆಳಗಿನಿಂದ ಪಿಸ್ಟನ್ನು ಬರುವ ರಭಸಕ್ಕೆ ಬಂದು ಅವುಗಳಿಗೆ ಬಡಿಯುತ್ತದೆ. ವಾಲ್ವು ಬಾಗುತ್ತದೆ, ಎಂಜಿನ್ ಕೆಡುತ್ತದೆ, ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಮುನ್ಸೂಚನೆ ಇಲ್ಲ. ಬ್ರೇಕು ಕಿರುಚುತ್ತದೆ, ಟೈರು ಸವೆದು ಕಾಣುತ್ತದೆ, ಬ್ಯಾಟರಿ ಕೆಮ್ಮುತ್ತದೆ. ಈ ಬೆಲ್ಟು ಮಾತ್ರ ಮುಚ್ಚಳದ ಹಿಂದೆ ಕೂತು ಕೊನೆಯ ದಿನದವರೆಗೂ "ಎಲ್ಲಾ ಆರಾಮ" ಎಂದೇ ಹೇಳುತ್ತಿರುತ್ತದೆ.

"ಎಲ್ಲಿ ನಿಲ್ತದ ಅಂತ ಹೇಳಾಕ ಬರಂಗಿಲ್ರಿ" ಎಂದ ಖಾಜಾಭಾಯಿ. "ಮನಿ ಮುಂದ ನಿಂತ್ರ ನಸೀಬ. ಚಿಂಚೋಳಿ ಅಡವ್ಯಾಗ ನಿಂತ್ರ..." ಅವನು ಮಾತು ಮುಗಿಸಲಿಲ್ಲ. ಮುಗಿಸುವ ಕೆಲಸವನ್ನು ಆ ರಾತ್ರಿಯೆಲ್ಲ ನಾನು ಮಾಡಿದೆ.

ಮರುದಿನ ಬೆಳಿಗ್ಗೆ ಸರೋಜಾ ತೆಂಗಳಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಮಾವನ ದನಿಯ ಹಿಂದೆ ಎಮ್ಮೆಯ ಕೊರಳಗಂಟೆ ಢಣಢಣ ಅನ್ನುತ್ತಿತ್ತು. "ಟೈಮಿಂಗ್ ಬೆಲ್ಟಾ? ಹಾಕ್ಸೀನವ್ವ, ವಾಡ್ಯಾಗ" ಎಂದರು. ನಾನು ಗೆದ್ದವನಂತೆ ಕೈಯೆತ್ತಿದೆ. ಸಂಜೆ ಅವರೇ ಫೋನ್ ಮಾಡಿ, "ಸರೂ, ಬೆಲ್ಟ್ ಚಿತ್ತಾಪುರದಾಗ ಹಾಕ್ಸೀನಿ ನೋಡವ್ವ. ಮುಂಜಾನಿ ವಾಡಿ ಅಂದ್ನೇನು?" ಎಂದರು. ನಾನು ಎತ್ತಿದ್ದ ಕೈಯನ್ನು ಇಳಿಸಿದೆ. ಸರೋಜಾ "ಹೂಂ ಅಪ್ಪ" ಎಂದಳು.

ಕೆಲವು ತಿಂಗಳಿಂದ ಅವಳ ತಮ್ಮ ಹೇಳುತ್ತಲೇ ಇದ್ದ: "ಅಕ್ಕ, ಅಪ್ಪಗ ಈಗೀಗ ಮರವು ಭಾಳಾಗ್ಯಾದ." ಉಂಡು ಕೈ ತೊಳೆದು "ಊಟ ಆಗ್ಯಾದೇನು" ಎಂದು ತಾವೇ ಕೇಳಿದ್ದರಂತೆ. ಒಮ್ಮೆ ಸರೋಜಾಳನ್ನು ತಮ್ಮ ತೀರಿಹೋದ ತಂಗಿಯ ಹೆಸರಿನಿಂದ ಕರೆದಿದ್ದರು. ಅವಳು ಓಗೊಟ್ಟಿದ್ದಳು. ಆದ್ದರಿಂದ ನಮ್ಮ ಮನೆಯಲ್ಲಿ ಬೆಲ್ಟಿನ ಪ್ರಶ್ನೆ ಬೆಲ್ಟಿನದಾಗಿ ಉಳಿಯಲಿಲ್ಲ.

ನಾನು ತರ್ಕದವನು, ನನಗೆ ಇದು ಸರಳವಾಗಿ ಕಂಡಿತು. "ಮುಚ್ಚಳಾ ಬಿಚ್ಚಿಸಿ ನೋಡೋಣು. ಹೊಸಾದಿದ್ರ ಆತು, ಇಲ್ಲಂದ್ರ ಹಾಕ್ಸೋಣು" ಎಂದೆ.

"ನಿಮಗ ತಿಳೀವಲ್ದು" ಎಂದಳು ಸರೋಜಾ. "ಅಪ್ಪ ಹಾಕ್ಸೀನಿ ಅಂದಾನ. ನಾ ಹೊಸಾದು ಹಾಕ್ಸಿದ್ರ, ಅಪ್ಪಗ ಮರವು ಅಂತ ನಾನೇ ಒಪ್ಪಿಕೊಂಡಂಗ ಆಗ್ತದ. ಒಳಗ ಹಳೇದೇ ಸಿಕ್ತು ಅಂದ್ರ? ಅದನ್ನ ನಾ ನೋಡಬೇಕಲ್ಲ?"

ಕಾರು ಅಂಗಳದಲ್ಲಿ ನಿಂತಿತು. ಅವಳು ಬಸ್ಸಿನಲ್ಲಿ ಚಿಂಚೋಳಿಗೆ ಹೋಗಿ ಬರತೊಡಗಿದಳು. ಸಂಜೆ ಬಂದವಳ ಮುಖ ನೋಡಿ ನಾನೇ ಚಹಾ ಮಾಡುತ್ತಿದ್ದೆ. ಸಕ್ಕರೆ ಹಾಕಿದ್ದೇನೋ ಇಲ್ಲವೋ ಎಂಬ ಸಂಶಯದಲ್ಲಿ ಎರಡು ಸಲ ಹಾಕುತ್ತಿದ್ದೆ.

ಒಂದು ರಜೆಯ ದಿನ ನಾನು ಯಾರಿಗೂ ಹೇಳದೆ ಪ್ಯಾಸೆಂಜರ್ ರೈಲು ಹತ್ತಿ ವಾಡಿಗೆ ಹೋದೆ. ಮಾವನ ಮಾತಿಗೆ ಒಬ್ಬ ಸಾಕ್ಷಿ ಸಿಕ್ಕರೆ ಸರೋಜಾಳ ಮುಖ ಸ್ವಲ್ಪ ಸಡಿಲಾಗುತ್ತದೆ ಎಂಬ ಆಸೆ. ನನ್ನ ಬೇವಿನ ಮರ ಎಲ್ಲೂ ಸಿಗಲಿಲ್ಲ. ಚಹಾದಂಗಡಿಯವನನ್ನು ಕೇಳಿದೆ. "ಇಲ್ಲಿ ಬೇವಿನ ಗಿಡ ಯಾವತ್ತೂ ಇದ್ದಿದ್ದಿಲ್ರಿ. ಹುಣಚಿ ಗಿಡ ಇತ್ತು" ಎಂದ. ಅಲ್ಲೇ ಕೂತಿದ್ದ ಮುದುಕರೊಬ್ಬರು, "ಹುಣಚಿ ಎಲ್ಲಿತ್ತೋ ಮಾರಾಯ? ಬೇವೇ ಇತ್ತು, ಕಡದ್ರು" ಎಂದರು. ಇಬ್ಬರೂ ಜಗಳಕ್ಕೆ ಬಿದ್ದರು. ನಾನು ಚಹಾ ಕುಡಿದು ಅಲ್ಲಿಂದ ಜಾರಿದೆ. ಬರುವಾಗ ಚಿತ್ತಾಪುರದಲ್ಲಿ ಇಳಿದೆ. ಅಲ್ಲಿ ಮೊದಲು ಸಿಕ್ಕ ಗ್ಯಾರೇಜಿನವನೇ ಹೃದಯ ತುಂಬಿ ಸಾಕ್ಷಿ ಹೇಳಿದ.

"ತೆಂಗಳಿ ಸಿದ್ರಾಮಪ್ಪನವರ ಕಾರಲ್ಲ? ನಾನೇ ಹಾಕೀನಲ್ರಿ ಬೆಲ್ಟು! ಕೆಂಪು ಕಾರು."

"ಬಿಳಿ."

"ಅದೇ ಅದೇ. ಬಿಳೀದೇ. ಧೂಳಿಗಿ ಕೆಂಪಾಗಿತ್ತು."

"ಡೀಸೆಲ್ ಗಾಡಿ."

"ಮತ್ತ? ಡೀಸೆಲ್ಲೇ. ಕುಂದ್ರಿ ಸರ, ಚಾ ತರಸ್ತೀನಿ."

ಪೆಟ್ರೋಲ್ ಎಂದಿದ್ದರೂ ಚಹಾ ಬರುತ್ತಿತ್ತು. ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ. ಸರೋಜಾ ಸಿಟ್ಟಾಗುತ್ತಾಳೆ ಅಂದುಕೊಂಡರೆ, ಎಷ್ಟೋ ದಿನದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ಐತವಾರ ಖಾಜಾಭಾಯಿಗೆ ಬರ್ತೀವಿ ಅಂತ ಹೇಳ್ರಿ. ಹೊಸಾದು ಹಾಕ್ಸೋಣು. ಅಪ್ಪಗ ಮಾತ್ರ ಗೊತ್ತಾಗಬಾರದು" ಎಂದಳು.

ಭಾನುವಾರ ಬೆಳಿಗ್ಗೆ ನಾವು ಗ್ಯಾರೇಜು ಮುಟ್ಟುವಷ್ಟರಲ್ಲಿ ಮಾವ ಅಲ್ಲಿದ್ದರು. ಬಿಳಿ ಧೋತರ, ತಲೆಗೆ ರುಮಾಲು, ಮಡಿಲಲ್ಲಿ ತುಪ್ಪದ ಡಬ್ಬಿ. ಹಳೆಯ ಟೈರಿನ ಮೇಲೆ ಪಂಚಾಯಿತಿಗೆ ಕೂತವರಂತೆ ಕೂತಿದ್ದರು. ಸರೋಜಾ ತಮ್ಮನಿಗೆ ಹೇಳಿದ್ದಳು. ತಮ್ಮನಿಗೆ ಗುಟ್ಟು ಹೇಳುವುದೆಂದರೆ ತೆಂಗಳಿಗೆಲ್ಲ ಹೇಳಿದಂತೆ.

"ಬರ್ರಿ ಅಳಿಯಂದ್ರ" ಎಂದರು ಮಾವ. ಮಗಳ ಕಡೆ ನೋಡಲಿಲ್ಲ. "ನನ್ನ ಮ್ಯಾಲ ಭರೋಸಾ ಇಲ್ಲಂತ ಕೇಳಿದೆ."

"ಹಂಗಲ್ಲಪ್ಪ..." ಎಂದಳು ಸರೋಜಾ. ನಾನು ತುಪ್ಪದ ಡಬ್ಬಿಯನ್ನು ಹೊಗಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಖಾಜಾಭಾಯಿ ಕೆಲಸಕ್ಕೆ ಇಳಿದ. ಬ್ಯಾಟರಿಯ ವೈರು ತೆಗೆದ. ಜಾಕ್ ಕೊಟ್ಟು ಮುಂದಿನ ಒಂದು ಗಾಲಿ ಬಿಚ್ಚಿದ. ಹೊರಗಿನ ಬೆಲ್ಟುಗಳನ್ನು ಸರಿಸಿ ಪ್ಲಾಸ್ಟಿಕ್ಕಿನ ಮುಚ್ಚಳಕ್ಕೆ ಕೈ ಹಾಕಿದ. ಬಿಚ್ಚಿದ ಬೋಲ್ಟುಗಳನ್ನು ಹಿಡಿಯಲು ನಾನು ಕೈ ಚಾಚಿದೆ, ಅನುಭವಸ್ಥನಲ್ಲವೇ? ಬೋಲ್ಟುಗಳು ತಣ್ಣಗಿದ್ದವು.

"ವಾಡ್ಯಾಗ ಬಿಸಿ ಇದ್ದುವು" ಎಂದೆ.

"ಗರಂ ಎಂಜಿನ್ ಮ್ಯಾಲ ಈ ಬೆಲ್ಟ್ ಯಾರೂ ಬಿಚ್ಚಂಗಿಲ್ರಿ ಸರ. ತಣ್ಣಗಾಗಲಿ ಅಂತ ಬಿಡ್ತಾರ" ಎಂದ ಖಾಜಾಭಾಯಿ. ಸರೋಜಾ ನನ್ನ ಕಡೆ ನೋಡಿದಳು. ಬಿಸಿಲಿಗೆ ಕಾದಿರಬಹುದು ಎಂದು ಹೇಳಬೇಕೆಂದುಕೊಂಡೆ. ಬೇವಿನ ನೆರಳು ನೆನಪಾಯಿತು.

ಬೆಲ್ಟು ತೆಗೆಯುವ ಮೊದಲು ಗುರುತು ಕೂಡಿಸಬೇಕು. ಮೇಲಿನ ಗಾಲಿಗೊಂದು ಗುರುತು, ಕೆಳಗಿನ ಗಾಲಿಗೊಂದು ಗುರುತು. ಎಂಜಿನ್ನನ್ನು ಪಾನಾ, ಅಂದರೆ ಸ್ಪ್ಯಾನರು, ಹಚ್ಚಿ ಕೈಯಿಂದಲೇ ಮೆಲ್ಲಗೆ ತಿರುಗಿಸಿ, ಎರಡೂ ತಮ್ಮ ತಮ್ಮ ಜಾಗಕ್ಕೆ ಬರುವಂತೆ ನಿಲ್ಲಿಸುತ್ತಾರೆ. ಆಮೇಲೆ ಬೆಲ್ಟನ್ನು ಬಿಗಿಹಿಡಿದ ಗಾಲಿಯನ್ನು ಸಡಿಲಿಸಿದರೆ ಬೆಲ್ಟು ಕೈಗೆ ಬರುತ್ತದೆ. ಆಗಿನಿಂದ ಹೊಸದು ಕೂರುವವರೆಗೆ ಯಾವುದನ್ನೂ ಅಲುಗಿಸಬಾರದು. ಒಂದು ಹಲ್ಲು ಆಚೀಚೆಯಾದರೂ ಮೇಲಿನವರಿಗೂ ಕೆಳಗಿನವರಿಗೂ ಹೊಂದಾಣಿಕೆ ತಪ್ಪುತ್ತದೆ. ಆ ಹೊತ್ತಿನಲ್ಲಿ ಗ್ಯಾರೇಜಿನಲ್ಲಿ ಯಾರೂ ಉಸಿರಾಡಲಿಲ್ಲ ಅನಿಸುತ್ತದೆ. ನನ್ನ ಮಟ್ಟಿಗೆ ಖಾತ್ರಿ.

ಖಾಜಾಭಾಯಿ ಬೆಲ್ಟು ಹೊರಗೆಳೆದು ಬೆಳಕಿಗೆ ಹಿಡಿದ. ಕರಿಯ ಪಟ್ಟಿ, ಅಕ್ಷರವೆಲ್ಲ ಉಜ್ಜಿ ಹೋಗಿತ್ತು. "ಹಳೇದೇ ಅದ" ಎಂದ. ಸರೋಜಾಳ ಮುಖ ನೋಡಿ, "ಅಷ್ಟೇನು ಹಳೇದಲ್ಲ ಬಿಡ್ರಿ" ಎಂದ. ಮಾವನ ಮುಖ ನೋಡಿ, "ಹಂಗ ನೋಡಿದ್ರ ಹೊಸಾದೇ ಅದ, ಯಜಮಾನ್ರ" ಎಂದ. ಇಷ್ಟು ಒಳ್ಳೆಯ ಮನಸ್ಸಿನ, ಇಷ್ಟು ನಿರುಪಯೋಗಿ ಸಾಕ್ಷಿಯನ್ನು ನಾನು ಕಂಡಿಲ್ಲ.

ಮಾವ ಟೈರಿನಿಂದ ಎದ್ದು ಬಂದು ಬೆಲ್ಟನ್ನು ಕೈಗೆ ತೆಗೆದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದರು, ಬೆರಳಿನಿಂದ ಹಲ್ಲು ಸವರಿದರು. ಆಮೇಲೆ ಮೆಲ್ಲಗೆ ಹೇಳಿದರು:

"ವಾಡಿ ಅಂದೆ. ಆಮ್ಯಾಲ ಚಿತ್ತಾಪುರ ಅಂದೆ. ಖರೇ ಹೇಳ್ತೀನವ್ವ, ಯಾವ ಊರಂತ ನನಗೂ ಗೊತ್ತಾಗವಲ್ದು. ಕೆಲವೊಂದು ಹಂಗೇ ಜಾರಿ ಹೋಗಾಕತ್ಯಾವ. ಆದ್ರ ಹಾಕ್ಸಿದ್ದು ಮಾತ್ರ ಹಾಕ್ಸೀನಿ. ನಿನ್ನ ಬಾಣಂತನ ಮುಗಿದು, ಕೂಸಿನ ಕರಕೊಂಡು ನೀ ಇದೇ ಗಾಡ್ಯಾಗ ಸೇಡಂಕ ಹೋಗಾಕಿ ಇದ್ದಿ. ಬೆಲ್ಟ್ ನೋಡದಂಗ ನಾ ನಿನ್ನ ಹೆಂಗ ಕಳಸ್ತೀನಿ?"

ಸರೋಜಾ ಅಪ್ಪನ ಕೈ ಹಿಡಿದುಕೊಂಡಳು. ನಡುವೆ ಬೆಲ್ಟು ಇತ್ತು, ಇಬ್ಬರ ಕೈಗೂ ಮಸಿ ಹತ್ತಿತು. "ಹೂಂ ಅಪ್ಪ" ಎಂದಳು. ಅದು ನಂಬಿದ ಹೂಂ ಆಗಿತ್ತೋ, ಸಮಾಧಾನಪಡಿಸುವ ಹೂಂ ಆಗಿತ್ತೋ ನನಗೆ ತಿಳಿಯಲಿಲ್ಲ. ಮಾವನೂ ಅದನ್ನೇ ಹುಡುಕುವವರಂತೆ ಮಗಳ ಮುಖವನ್ನು ಮಂಜುಗಣ್ಣಿನಿಂದ ನೋಡುತ್ತಿದ್ದರು.

ಆಗ ಖಾಜಾಭಾಯಿ ಕಾರಿನ ಕೆಳಗಿನಿಂದ ಕೇಳಿದ: "ಕೂಸಿಗೆ ಈಗ ಎಷ್ಟ್ರಿ?"

"ಏಳು ನಡೀಲಿಕತ್ತಾವ" ಎಂದಳು ಸರೋಜಾ.

"ಹಂಗಿದ್ರ ಜಗಳಾ ಯಾತಕ್ಕ? ಆವಾಗ ಹಾಕ್ಸಿದ್ರೂ ಈಗ ಬದಲಿ ಮಾಡೋದೇ. ರಬ್ಬರ್ ನಿಂತಲ್ಲೇ ಮುದುಕಾಗ್ತದ."

ಎಲ್ಲರೂ ನನ್ನ ಕಡೆ ತಿರುಗಿದರು. ಬದಲಿಸಿದ್ದರೆ ಅವಧಿ ಮುಗಿದಿದೆ, ಬದಲಿಸದಿದ್ದರೆ ಎಂದೋ ಮುಗಿದಿದೆ. ಯಾವ ದಾರಿ ಹಿಡಿದರೂ ಹೊಸ ಬೆಲ್ಟು. ಇಂಥ ಉಭಯಪಾಶದ ಲೆಕ್ಕವನ್ನು ನಾನು ಪ್ರತಿ ವರ್ಷ ಎರಡನೇ ಸೆಮಿಸ್ಟರಿನವರಿಗೆ ಕರಿಹಲಗೆಯ ಮೇಲೆ ಬರೆದು ಕಲಿಸುತ್ತೇನೆ. ವಾಡಿಗೆ ರೈಲು ಹತ್ತುವ ಮೊದಲು ಅದು ನನಗೆ ಹೊಳೆದಿರಲಿಲ್ಲ.

ಹೊಸ ಬೆಲ್ಟು ಕೂತಿತು. ಬಿಗಿಹಿಡಿಯುವ ಗಾಲಿಯನ್ನೂ ಹೊಸದು ಹಾಕಿದರು. ಕೊನೆಗೆ ಖಾಜಾಭಾಯಿ ಪಾನಾ ಹಚ್ಚಿ ಕೆಳಗಿನ ದಂಡವನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿದ. ಎಲ್ಲೂ ತಡೆಯಲಿಲ್ಲ. ಎರಡೂ ಗುರುತು ಹೊರಟ ಜಾಗಕ್ಕೇ ಮರಳಿ ಬಂದು ನಿಂತವು. ಅದನ್ನು ಮಾವನಿಗೇ ಮೊದಲು ತೋರಿಸಿದ. ಅವರು ಬೆರಳಿಟ್ಟು ಮುಟ್ಟಿ ನೋಡಿ "ಬರಾಬರ್" ಎಂದರು. ಹೊರಡುವಾಗ ತೆಗೆದ ಬೆಲ್ಟನ್ನು ಮಡಿಚಿ ತುಪ್ಪದ ಡಬ್ಬಿಯ ಚೀಲಕ್ಕೆ ಹಾಕಿಕೊಂಡರು. "ಅದು ಯಾತಕ್ಕ, ಮಾಮಾ?" ಎಂದೆ. "ಮನ್ಯಾಗ ಏನರ ಕೆಲಸಕ್ಕ ಬರ್ತದ" ಎಂದರು. ತುಪ್ಪವನ್ನೂ ಮರೆತು ತಿರುಗಿ ಒಯ್ದರು. ನಾವು ಯಾರೂ ನೆನಪಿಸಲಿಲ್ಲ.

ಎರಡು ವಾರದ ನಂತರ ತೆಂಗಳಿಗೆ ಹೋಗಿದ್ದೆವು. ಈಗ ಸರೋಜಾ ಓಡಿಸುವಾಗ ನಾನು ಎಂಜಿನ್ನಿನ ಸದ್ದಿಗೆ ಕಿವಿ ಕೊಡುವುದನ್ನು ಬಿಟ್ಟಿದ್ದೆ, ಹೆಚ್ಚುಕಡಿಮೆ. ಅತ್ತೆ ಕೊಟ್ಟಿಗೆಯಲ್ಲಿ ಹಾಲು ಹಿಂಡುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ನನ್ನನ್ನು ಎಮ್ಮೆ ತಲೆ ಕೊಡವಿ ನೋಡಿತು. ಗಂಟೆ ಢಣ್ ಅಂದಿತು. ಆ ಗಂಟೆಯನ್ನು ಪೋಣಿಸಿದ್ದ ಕೊರಳಪಟ್ಟಿಯ ಹೊರಮೈಗೆ, ಸೆಗಣಿ ಒಣಗಿ ಅರ್ಧ ಮುಚ್ಚಿದ್ದರೂ, ಸಾಲಾಗಿ ಹಲ್ಲುಗಳಿದ್ದವು.

"ಮಾಮಾ ಆ ಬೆಲ್ಟ್ ಆಗಲೇ ಎಮ್ಮಿಗೆ ಕಟ್ಯಾರೇನು ಅತ್ತಿ?" ಎಂದೆ.

"ಯಾವ ಬೆಲ್ಟ್? ಮೊನ್ನಿ ತಂದಿದ್ದೇನು? ಅದು ಅಲ್ಲಿ ಗೂಟಕ್ಕ ಜೋತಬಿದ್ದದ ನೋಡ್ರಿ" ಎಂದರು ಅತ್ತೆ, ಹಾಲಿನ ಧಾರೆ ನಿಲ್ಲಿಸದೆ. "ಇದು ಸರೂನ ಬಾಣಂತನದಾಗಿಂದು. ಗಾಡಿಯಿಂದ ಬಿಚ್ಚಿದ್ದು ತಂದಿದ್ರು. ಎಮ್ಮಿ ಹಗ್ಗ ಹರಕೊಂಡಿತ್ತು, ಕೊಯ್ದು ತಂತಿ ಹಚ್ಚಿ ಕಟ್ಟಿದ್ರು. ಹಲ್ಲು ಚುಚ್ತಾವಂತ ತಿರುವಿ ಕಟ್ಟೀವಿ. ಇದೇ ಬಾಳಿಕಿ ಬಂದದ ಈಟು ದಿನ."

ಊರೂರು ಸುತ್ತಿದ್ದೆ, ಎಂಜಿನ್ ಬಿಚ್ಚಿಸಿದ್ದೆ. ಪ್ರತಿ ಸಲ ಬಂದಾಗಲೂ ಈ ಎಮ್ಮೆಯ ಹಾಲು ಕುಡಿದು ಮೀಸೆ ಒರೆಸಿಕೊಂಡು ಹೋಗಿದ್ದೆ. ಸರೋಜಾಳನ್ನು ಕೂಗಿದೆ. ಅವಳು ಬಂದು ನೋಡಿದಳು. ನೆಟ್ಟಗೆ ಒಳಗೆ ಹೋದಳು. ಪಡಸಾಲೆಯಲ್ಲಿ ಅಪ್ಪನ ಪಕ್ಕ ಕೂತು, "ಅಪ್ಪ, ನನಗ ಒಂದೀಟು ಮಜ್ಜಿಗಿ ಕೊಡಸು" ಎಂದು ಚಿಕ್ಕ ಹುಡುಗಿಯಂತೆ ಕೇಳುವುದು ಕೇಳಿಸಿತು. ಆ ದನಿಯನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ.

"ಅವತ್ತು ನಾನೂ ಹೋಗಿದ್ದೆನಲ್ಲ ಅತ್ತಿ, ವಾಡಿಗೆ?" ಎಂದು ಕೊನೆಯ ಆಸೆಯಿಂದ ಕೇಳಿದೆ.

"ಎಲ್ಲಿ ವಾಡಿ? ಶಹಾಬಾದಕ್ಕ ಹೋಗಿದ್ರು, ಅವರೊಬ್ಬರೇ. ನೀವು ತೊಟ್ಟಲ ಬಾಜೂಕ ಮಲಗಿದ್ರಿ. ಕೂಸು ಅಳಾಕತ್ರೂ ಎಚ್ಚರಾಗಲಿಲ್ಲ."

ಅತ್ತೆಯ ನೆನಪೂ ನೆನಪೇ. ಅದನ್ನೂ ನಾನು ಪೂರ್ತಿ ನಂಬಬೇಕಾಗಿಲ್ಲ. ಅಂಗೈಯಲ್ಲಿನ ಬೋಲ್ಟಿನ ಬಿಸಿ ನನಗೆ ಈಗಲೂ ಇದೆ. ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ವಾಡಿಯೋ ಚಿತ್ತಾಪುರವೋ ಶಹಾಬಾದವೋ, ಬೇವೋ ಹುಣಸೆಯೋ, ನಾನು ನಿಂತಿದ್ದೆನೋ ಮಲಗಿದ್ದೆನೋ, ಯಾವುದಕ್ಕೂ ನಾನು ಆಣೆ ಮಾಡಲಾರೆ. ಆದರೆ ಆ ಸಂಜೆ ಒಂದು ಚೊಂಬು ನೀರು ತಂದು, ಎಮ್ಮೆಯ ಕೊರಳಪಟ್ಟಿ ತೊಳೆದು, ಗೂಟದಲ್ಲಿದ್ದ ಬೆಲ್ಟನ್ನು ಅದರ ಮೇಲೆ ಒತ್ತಿ ನಾನೇ ಕೈಯಾರೆ ನೋಡಿದೆ. ಎಮ್ಮೆ ಒಮ್ಮೆ ಬಾಲದಿಂದ ಕಪಾಳಕ್ಕೆ ಹೊಡೆಯಿತು. ಅಗಲಕ್ಕೆ ಅಗಲ ಕೂಡಿತು, ಹಲ್ಲಿಗೆ ಹಲ್ಲು ಕೂತಿತು. ಆ ಮನೆಗೆ ಬಂದ ಕಾರು ಅದೊಂದೇ. ಮಾವ ಬೆಲ್ಟು ಹಾಕಿಸಿದ್ದರು.